ಪಥ್ಯದ ಎರಡು ಮುಖ: ಊಟವನ್ನು ಮದ್ದಾಗಿ ಕಾಣುವ ಚೀನೀ ಮತ್ತು ಕನ್ನಡ ಪರಂಪರೆಗಳು

ಉಣ್ಣುವ ಪ್ರತಿಯೊಂದು ಪದಾರ್ಥಕ್ಕೂ ರುಚಿಯ ಜೊತೆಗೆ ಒಂದು ಗುಣವಿದೆ, ಆ ಗುಣ ಉಂಡವರ ಮೈಯನ್ನು ಕಾಯಿಸುತ್ತದೆ ಇಲ್ಲವೇ ತಣಿಸುತ್ತದೆ ಎಂಬ ತಿಳಿವಳಿಕೆ ಚೀನಾ ಮತ್ತು ಭಾರತದ ವೈದ್ಯಪರಂಪರೆಗಳೆರಡಕ್ಕೂ ತಳಪಾಯ. ಬಾಯಿಹುಣ್ಣಾದ ಮಗುವಿಗೆ ಬೆಂಗಳೂರಿನ ರಾಜಾಜಿನಗರದ ಅಜ್ಜಿ ‘ಹೀಟಾಗಿದೆ’ ಎಂದು ಎಳನೀರು ಕುಡಿಸುತ್ತಾರೆ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಅಜ್ಜಿ ಅದೇ ಹುಣ್ಣಿಗೆ ಅದೇ ಕಾರಣ ಹೇಳಿ ಹೆಸರುಕಾಳು ಬೇಯಿಸಿದ ನೀರು ಕೊಡುತ್ತಾರೆ. ಎರಡೂ ಕಡೆ ಶುಂಠಿ, ಕಾಳುಮೆಣಸು ಉಷ್ಣ. ಎರಡೂ ಕಡೆ ಹೆಸರು, ಸೌತೆ, ಕಲ್ಲಂಗಡಿ ತಂಪು. ಹೆರಿಗೆಯಾದ ಹೆಂಗಸಿಗೆ ಎರಡೂ ಕಡೆ ತಣ್ಣೀರು ನಿಷಿದ್ಧ.

ಈ ತಿಳಿವಳಿಕೆ ವೈದ್ಯವೆ, ಆಚಾರವೆ, ಅಥವಾ ಪೋಷಣಾ ವಿಜ್ಞಾನದ ಹಳೆಯ ರೂಪವೆ? ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಈ ಪ್ರಶ್ನೆಯ ಎಲ್ಲ ಕೊನೆಗಳೂ ಕೆಲವೇ ಕಿಲೋಮೀಟರುಗಳೊಳಗೆ ಸಿಗುತ್ತವೆ. ವಿಜಯನಗರದ ಶ್ರೀ ಕಾಲಭೈರವೇಶ್ವರಸ್ವಾಮಿ ಆಯುರ್ವೇದ ವೈದ್ಯಕೀಯ ಕಾಲೇಜಿನಲ್ಲಿ ಪಥ್ಯಾಪಥ್ಯ ಒಂದು ಪಾಠ. ಪೀಣ್ಯದಲ್ಲಿ ಅರಿಸಿನದ ಸಾರವನ್ನು ಹೊರದೇಶಗಳಿಗೆ ಮಾರುವ ಸಾಮಿ-ಸಬಿನ್ಸಾ (ಹಿಂದಿನ ಸಾಮಿ ಲ್ಯಾಬ್ಸ್) ನೆಲೆಯೂರಿದೆ. ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ಗ್ರಂಥಿಗೆ ಅಂಗಡಿಯ ಒಣಶುಂಠಿ, ಹಿಪ್ಪಲಿ, ಅಳಲೆಕಾಯಿಗಳಿಗೂ ಸೂಪರ್‌ಮಾರ್ಕೆಟ್ಟಿನ ಸಿರಿಧಾನ್ಯ, ಚೀನೀ ಗೋಜಿ ಹಣ್ಣುಗಳಿಗೂ ಗಿರಾಕಿಗಳಿದ್ದಾರೆ.

ಪಥ್ಯ ಎಂಬ ಮಾತಿಗೆ ಎರಡು ಮುಖಗಳಿವೆ. ಒಂದು, ಮೈಗೆ ಒಳ್ಳೆಯದನ್ನು ಸೇರಿಸುವುದು. ಇನ್ನೊಂದು, ಆಗದ್ದನ್ನು ಬಿಡುವುದು, ಅಂದರೆ ಬಾಯಿ ಕಟ್ಟುವುದು. ಚರ್ಚೆಯ ಬಹುಪಾಲು ಮೊದಲನೆಯದರ ಮೇಲೆಯೇ ನಡೆದಿದೆ. ಮನೆಗಳಲ್ಲಿ ಹೆಚ್ಚು ಕಟ್ಟುನಿಟ್ಟಾಗಿ ನಡೆಯುವುದೂ ಹೆಚ್ಚು ಹಾನಿ ಮಾಡಿರುವುದೂ ಎರಡನೆಯದು. ಈ ಅಸಮತೋಲವನ್ನು ಗಮನಿಸದಿದ್ದರೆ ಪ್ರಶ್ನೆಯ ಅರ್ಧ ಭಾಗವೇ ಕಾಣುವುದಿಲ್ಲ.

ಚೀನಾದ ದಾರಿ

ಪ್ರಾಚೀನ ಚೀನಾದ ‘ಝೌ ಲಿ’ ಎಂಬ ಆಡಳಿತ ಗ್ರಂಥ ಅರಮನೆಯ ವೈದ್ಯರಲ್ಲಿ ಆಹಾರವೈದ್ಯ ಎಂಬ ಪ್ರತ್ಯೇಕ ಹುದ್ದೆಯನ್ನು ಹೆಸರಿಸುತ್ತದೆ. ಅರಸನ ಊಟವನ್ನು ಋತುವಿಗೆ ತಕ್ಕಂತೆ ಹೊಂದಿಸುವುದು ಅವನ ಕೆಲಸ. ಹಾನ್ ಕಾಲದ ‘ಶೆನ್‌ನಾಂಗ್ ಬೆನ್‌ಸಾವ್ ಜಿಂಗ್’ 365 ದ್ರವ್ಯಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿತು. ದೀರ್ಘಕಾಲ ಸೇವಿಸಬಹುದಾದ, ಆಯುಸ್ಸು ಪೋಷಿಸುವ ದ್ರವ್ಯಗಳು ಮೇಲಿನ ದರ್ಜೆಯವು. ರೋಗವನ್ನು ಬಡಿದು ಓಡಿಸುವ ತೀಕ್ಷ್ಣ ಔಷಧಗಳು ಕೆಳಗಿನವು. ದಿನವೂ ತಿನ್ನಬಹುದಾದದ್ದೇ ಶ್ರೇಷ್ಠ ಮದ್ದು ಎಂಬ ಚೀನೀ ನಿಲುವು ಈ ಶ್ರೇಣಿಯಲ್ಲಿಯೇ ಇದೆ.

ಏಳನೆಯ ಶತಮಾನದ ಸುನ್ ಸಿಮಿಯಾವ್ ತನ್ನ ದೊಡ್ಡ ವೈದ್ಯಗ್ರಂಥದಲ್ಲಿ ಆಹಾರ ಚಿಕಿತ್ಸೆಗೇ ಒಂದು ಭಾಗವನ್ನು ಮೀಸಲಿಟ್ಟ. ವೈದ್ಯ ಮೊದಲು ಊಟದಿಂದ ಗುಣಪಡಿಸಲು ನೋಡಬೇಕು, ಅದರಿಂದ ಆಗದಿದ್ದಾಗ ಮಾತ್ರ ಔಷಧಕ್ಕೆ ಕೈಹಾಕಬೇಕು ಎಂಬುದು ಅವನ ಕ್ರಮ. ಅವನ ಶಿಷ್ಯ ಮೆಂಗ್ ಶೆನ್ ಆಹಾರ ದ್ರವ್ಯಗಳ ಮೇಲೆಯೇ ಒಂದು ಗ್ರಂಥ ರಚಿಸಿದ. ಮಂಗೋಲರ ಆಳ್ವಿಕೆಯಲ್ಲಿ, 1330ರಲ್ಲಿ, ಹು ಸಿಹುಯಿ ಎಂಬ ಆಸ್ಥಾನದ ಪಥ್ಯಾಧಿಕಾರಿ ‘ಯಿನ್‌ಶಾನ್ ಝೆಂಗ್‌ಯಾವ್’ ಎಂಬ ಪಾಕ-ವೈದ್ಯ ಗ್ರಂಥವನ್ನು ಚಕ್ರವರ್ತಿಗೆ ಅರ್ಪಿಸಿದ. ಲಿ ಶಿಜೆನ್‌ನ ‘ಬೆನ್‌ಸಾವ್ ಗಾಂಗ್‌ಮು’ 1596ರಲ್ಲಿ ಅಚ್ಚಾದಾಗ ಅದರಲ್ಲಿ 1,892 ದ್ರವ್ಯಗಳಿದ್ದವು. ಧಾನ್ಯ, ತರಕಾರಿ, ಹಣ್ಣುಗಳಿಗೂ ಅಲ್ಲಿ ಔಷಧದ ಜಾಗವೇ.

ಈ ಗ್ರಂಥಗಳ ಚೌಕಟ್ಟು ಸರಳ. ದ್ರವ್ಯಕ್ಕೆ ನಾಲ್ಕು ಸ್ವಭಾವ: ಶೀತ, ತಂಪು, ಬೆಚ್ಚಗೆ, ಉಷ್ಣ. ಯಾವ ಕಡೆಗೂ ವಾಲದವು ಸಮ. ರುಚಿ ಐದು: ಹುಳಿ, ಕಹಿ, ಸಿಹಿ, ಖಾರ, ಉಪ್ಪು. ಒಂದೊಂದು ರುಚಿ ಒಂದೊಂದು ಅಂಗವನ್ನು ಸೇರುತ್ತದೆ. ಹುಳಿ ಯಕೃತ್ತಿಗೆ, ಖಾರ ಶ್ವಾಸಕೋಶಕ್ಕೆ ಎಂಬಂತೆ. ಆಯುರ್ವೇದದಲ್ಲಿ ವೀರ್ಯ, ಅಂದರೆ ದ್ರವ್ಯದ ಶಕ್ತಿ, ಮುಖ್ಯವಾಗಿ ಎರಡೇ, ಉಷ್ಣ ಮತ್ತು ಶೀತ. ರುಚಿ ಆರು, ಏಕೆಂದರೆ ಒಗರು ಅಲ್ಲಿ ಪ್ರತ್ಯೇಕ ಲೆಕ್ಕ. ರುಚಿ ಕೆಣಕುವುದು ಅಥವಾ ಶಮನಗೊಳಿಸುವುದು ಅಂಗವನ್ನಲ್ಲ, ವಾತ-ಪಿತ್ತ-ಕಫಗಳನ್ನು. ಮೇಲ್ನೋಟದ ಹೋಲಿಕೆಯ ಕೆಳಗೆ ಈ ವ್ಯತ್ಯಾಸ ಸಣ್ಣದಲ್ಲ.

1950ರ ದಶಕದ ನಂತರ ಚೀನೀ ಸರ್ಕಾರ ಈ ಪರಂಪರೆಯನ್ನು ಪಠ್ಯಪುಸ್ತಕವಾಗಿ ಒಪ್ಪಗೊಳಿಸಿತು. ಆಹಾರವೂ ಔಷಧವೂ ಆಗಬಲ್ಲ ವಸ್ತುಗಳ ಅಧಿಕೃತ ಪಟ್ಟಿಯೊಂದನ್ನು 2002ರಲ್ಲಿ ಪ್ರಕಟಿಸಿದಾಗ ಅದರಲ್ಲಿ 87 ಹೆಸರುಗಳಿದ್ದವು. ಆಮೇಲಿನ ಸೇರ್ಪಡೆಗಳಲ್ಲಿ ಅರಿಸಿನವೂ ಹಿಪ್ಪಲಿಯೂ ಇವೆ, ಮಸಾಲೆಯಾಗಿ ಮಾತ್ರ ಬಳಸಬಹುದು ಎಂಬ ಕಟ್ಟಳೆಯೊಂದಿಗೆ.

ಓಲೆಗರಿಯಲ್ಲಿ ಊಟ

ಕನ್ನಡದಲ್ಲಿ ಅಡುಗೆ ಮತ್ತು ಮದ್ದು ಒಂದೇ ಹೊದಿಕೆಯಲ್ಲಿ ಸಿಗುವ ಹಳೆಯ ಕೃತಿ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’. ಸುಮಾರು 1025ರಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ರಚಿತವಾದ ಈ ಗ್ರಂಥ ಜನಸಾಮಾನ್ಯರ ಉಪಯೋಗಕ್ಕೆಂದೇ ಬರೆದದ್ದು. ನೀರಿನ ಸೆಲೆ ಕಂಡುಹಿಡಿಯುವುದು, ಗಿಡ ಬೆಳೆಸುವುದು, ಪಾಕ, ಸುಗಂಧ, ಮನುಷ್ಯವೈದ್ಯ, ಪಶುವೈದ್ಯ, ವಿಷಕ್ಕೆ ಚಿಕಿತ್ಸೆ ಎಲ್ಲವೂ ಅದರಲ್ಲಿ ಅಕ್ಕಪಕ್ಕ ಇವೆ. ಅಡುಗೆಯನ್ನು ವೈದ್ಯದಿಂದ ಬೇರ್ಪಡಿಸುವ ಗೋಡೆ ಆ ಕಾಲದ ಗೃಹಸ್ಥನಿಗೆ ಇರಲಿಲ್ಲ ಎಂಬುದಕ್ಕೆ ಆ ವಿಷಯಪಟ್ಟಿಯೇ ಸಾಕ್ಷಿ. ಒಂದು ಶತಮಾನದ ನಂತರ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ ಅರಮನೆಯ ಊಟವನ್ನು ‘ಅನ್ನಭೋಗ’ ಎಂಬ ಭಾಗದಲ್ಲಿ ವರ್ಣಿಸಿತು. ಅಲ್ಲಿ ಮಾಂಸ, ಮೀನುಗಳಿಗೆ ಧಾರಾಳ ಜಾಗ.

ಜೈನ ವೈದ್ಯರ ದಾರಿ ಇದಕ್ಕೆ ಪೂರ್ತಿ ಎದುರು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥ ಜೈನಾಚಾರ್ಯ ಪೂಜ್ಯಪಾದರ ಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಕ್ಕೆ ತಂದ. ಅದರ ಚಿಕಿತ್ಸೆಯಲ್ಲಿ ಮಾಂಸವಿಲ್ಲ, ಮದ್ಯವಿಲ್ಲ. ಚರಕ, ಸುಶ್ರುತರು ಕ್ಷಯದ ರೋಗಿಗೆ ಮಾಂಸರಸ ವಿಧಿಸಿದ್ದನ್ನು ಬಲ್ಲ ವೈದ್ಯರು ಅದನ್ನು ಬೇಕೆಂದೇ ಬಿಟ್ಟರು. ಪಥ್ಯ ಬರಿ ದೇಹದ ಲೆಕ್ಕವಲ್ಲ, ಧರ್ಮದ ಲೆಕ್ಕವೂ ಹೌದು ಎಂಬ ಮಾತು ಕರ್ನಾಟಕದ ವೈದ್ಯಚರಿತ್ರೆಯಲ್ಲಿ ಇಷ್ಟು ಹಳೆಯದು. ಸುಮಾರು 1360ರ ‘ಖಗೇಂದ್ರಮಣಿದರ್ಪಣ’ದಲ್ಲಿ ಮಂಗರಾಜ ವಿಷಗಳ ಕಡೆಯಿಂದ ದ್ರವ್ಯಗಳನ್ನು ನೋಡಿದ. 1508ರಲ್ಲಿ ಮೂರನೆಯ ಮಂಗರಸ ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದ, ಅದು ಪೂರ್ತಿಯಾಗಿ ಸಸ್ಯಾಹಾರದ ಪಾಕಗ್ರಂಥ.

ಆಧುನಿಕ ಕಾಲದಲ್ಲಿ ಈ ವಿದ್ಯೆ ಮನೆತನದಿಂದ ಕಾಲೇಜಿಗೆ ಬಂತು. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರದು. 1970ರ ಕೇಂದ್ರ ಕಾಯ್ದೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮಕ್ಕೆ ದಾರಿ ಮಾಡಿತು. ಚೀನಾದಲ್ಲಿ ಆದಂತೆಯೇ ಇಲ್ಲಿಯೂ ಬೇರೆ ಬೇರೆ ಸೀಮೆಗಳ ರೂಢಿಗಳು ಪಠ್ಯದಿಂದ ಹೊರಗುಳಿದವು. 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಔಷಧಿ ಸಸ್ಯಗಳ ಜೊತೆ ನಾಟಿವೈದ್ಯರ ತಿಳಿವಳಿಕೆಯನ್ನೂ ದಾಖಲಿಸಲು ಹೊರಟದ್ದು ಆ ಕೊರತೆಯನ್ನು ಕಂಡೇ.

ಕೊಟ್ಟದ್ದು, ಕೊಂಡದ್ದು

ಎರಡು ಪರಂಪರೆಗಳು ಇಷ್ಟು ಹೋಲುವುದೇಕೆ? ಒಂದು ಮೂಲದಿಂದ ಹರಡಿದವು ಎನ್ನುವವರಿದ್ದಾರೆ. ಒಂದೊಂದೂ ತನ್ನಷ್ಟಕ್ಕೆ ಹುಟ್ಟಿತು ಎನ್ನುವವರೂ ಇದ್ದಾರೆ. ಇದೇ ವಾದ ಲ್ಯಾಟಿನ್ ಅಮೆರಿಕದ ಉಷ್ಣ-ಶೀತ ನಂಬಿಕೆಯ ಮೇಲೂ ನಡೆದಿದೆ. ಅದು ಗ್ರೀಕ್ ವೈದ್ಯದಿಂದ ಸ್ಪೇನಿನ ಮೂಲಕ ಹೋದದ್ದು ಎಂದು ಮಾನವಶಾಸ್ತ್ರಜ್ಞ ಜಾರ್ಜ್ ಫಾಸ್ಟರ್ ವಾದಿಸಿದರೆ, ಮೆಕ್ಸಿಕೋದ ಅಲ್‌ಫ್ರೆಡೋ ಲೋಪೆಜ್ ಆಸ್ಟಿನ್ ಅಲ್ಲಿನ ಮೂಲನಿವಾಸಿಗಳದೇ ಎಂದರು.

ಚೀನಾ ಮತ್ತು ಭಾರತದ ನಡುವೆ ದ್ರವ್ಯಗಳು ಓಡಾಡಿದ್ದಕ್ಕೆ ಸಂಶಯವಿಲ್ಲ. ಹಿಪ್ಪಲಿಯ ಚೀನೀ ಹೆಸರು ‘ಬಿಬೋ’ ಸಂಸ್ಕೃತದ ‘ಪಿಪ್ಪಲಿ’ಯಿಂದ ಬಂದದ್ದು. ಹು ಸಿಹುಯಿಯ 1330ರ ಗ್ರಂಥದಲ್ಲಿ ‘ಪಶ್ಚಿಮ ಸ್ವರ್ಗ’ದ, ಅಂದರೆ ಭಾರತದ ಕಡೆಯ, ಊಟವೆಂದು ಹೆಸರಿಸಿದ ಒಂದು ಸಾರಿದೆ. ಕುರಿಮಾಂಸ, ಕಡಲೆ, ಮೂಲಂಗಿಗಳನ್ನು ಬೇಯಿಸಿ ಅರಿಸಿನ, ಕಾಳುಮೆಣಸು, ಇಂಗು, ಕೇಸರಿ ಹಾಕುವ ಈ ಸಾರು ಹೊಟ್ಟೆಗೆ ಬಲ ಕೊಟ್ಟು ಎದೆ ಹಗುರ ಮಾಡುತ್ತದೆ ಎಂದು ಅಲ್ಲಿ ಬರೆದಿದೆ. ಆದರೆ ದ್ರವ್ಯ ಬಂದ ಮಾತ್ರಕ್ಕೆ ಸಿದ್ಧಾಂತವೂ ಬಂದಂತಲ್ಲ. ಹಿಪ್ಪಲಿ ಚೀನಾ ತಲುಪಿದಾಗ ಅಲ್ಲಿನ ನಾಲ್ಕು ಸ್ವಭಾವ, ಐದು ರುಚಿಗಳ ಲೆಕ್ಕದಲ್ಲಿಯೇ ಅದಕ್ಕೆ ಜಾಗ ಸಿಕ್ಕಿತು. ವಸ್ತುಗಳು ಪ್ರಯಾಣ ಮಾಡಿದವು, ಚೌಕಟ್ಟುಗಳು ತಮ್ಮ ತಮ್ಮ ಊರಿನಲ್ಲಿಯೇ ಉಳಿದವು ಎನ್ನುವುದು ಈ ಪುರಾವೆಗೆ ಹೆಚ್ಚು ಹೊಂದುವ ನಿಲುವು.

ಶಾಸ್ತ್ರದ ವಾದ

ಈ ತಿಳಿವಳಿಕೆ ಏನೆಂಬುದರ ಬಗ್ಗೆ ಮೂರು ವಾದಗಳಿವೆ. ಮೊದಲನೆಯದು ಶಾಸ್ತ್ರದ್ದು. ಆಯುರ್ವೇದ ಪಂಡಿತರ ಪ್ರಕಾರ ಆಹಾರದ ಗುಣವನ್ನು ಒಂಟಿಯಾಗಿ ಹೇಳುವುದೇ ತಪ್ಪು. ಚರಕಸಂಹಿತೆಯ ವಿಮಾನಸ್ಥಾನ ಎಂಟು ಸಂಗತಿಗಳನ್ನು ಒಟ್ಟಿಗೆ ನೋಡಲು ಹೇಳುತ್ತದೆ: ವಸ್ತುವಿನ ಸಹಜ ಗುಣ, ಅದಕ್ಕೆ ಮಾಡಿದ ಸಂಸ್ಕಾರ, ಜೊತೆಗೂಡಿದ ವಸ್ತು, ಅಳತೆ, ದೇಶ, ಕಾಲ, ಉಣ್ಣುವ ಕ್ರಮ, ಕೊನೆಗೆ ಉಣ್ಣುವ ವ್ಯಕ್ತಿ.

ಇದಕ್ಕೆ ಪಶ್ಚಿಮ ಬೆಂಗಳೂರಿನಲ್ಲಿ ಅವರೆಕಾಯಿಗಿಂತ ಒಳ್ಳೆಯ ಉದಾಹರಣೆ ಸಿಗದು. ಮಾಗಿ ಚಳಿಯಲ್ಲಿ ಮಾಗಡಿ ಸೀಮೆಯ ಸೊಗಡವರೆ ಮಾಗಡಿ ರಸ್ತೆ ಹಿಡಿದು ನಗರಕ್ಕೆ ಬರುತ್ತದೆ. ಶಾಸ್ತ್ರದಲ್ಲಿ ಅವರೆ ವಾತ ಹೆಚ್ಚಿಸುವ ಕಾಳು; ಮನೆಯ ಮಾತಿನಲ್ಲಿ ‘ವಾಯು’, ಈಗಿನ ಮಾತಿನಲ್ಲಿ ‘ಗ್ಯಾಸು’. ಹಾಗೆಂದು ಯಾರೂ ಬಿಡುವುದಿಲ್ಲ. ಹಿದುಕಿ ಸಿಪ್ಪೆ ತೆಗೆದರೆ ಅದು ಸಂಸ್ಕಾರ. ಇಂಗು, ಶುಂಠಿ, ಸಬ್ಬಸಿಗೆ ಸೊಪ್ಪು ಹಾಕಿದರೆ ಅದು ಸಂಯೋಗ. ಹಸಿವು ಚುರುಕಾಗಿರುವ ಚಳಿಗಾಲದಲ್ಲಿ ಮಾತ್ರ ತಿಂದರೆ ಅದು ಕಾಲ. ಮಂಡಿನೋವಿನ ಮುದುಕರಿಗೆ ಬಡಿಸುವಾಗ ಕೈ ಹಿಡಿದರೆ ಅದು ಉಣ್ಣುವವರ ಲೆಕ್ಕ. ಚರಕನ ಎಂಟರಲ್ಲಿ ನಾಲ್ಕು ಹೀಗೆ ಒಂದು ಬಟ್ಟಲು ಹಿದುಕವರೆ ಸಾರಿನಲ್ಲಿಯೇ ಮುಗಿಯುತ್ತವೆ.

ದೇಶ ಎಂಬ ಅಂಶದ ಮೇಲೆ ಫ್ರೆಂಚ್ ವಿದ್ವಾಂಸ ಫ್ರಾನ್ಸಿಸ್ ಜಿಮ್ಮರ್‌ಮನ್ 1982ರಲ್ಲಿ ಒಂದು ಇಡೀ ಪುಸ್ತಕ ಬರೆದರು. ಒಣಭೂಮಿಯ ‘ಜಾಂಗಲ’ ಮತ್ತು ಜೌಗಿನ ‘ಆನೂಪ’ ಎಂಬ ವಿಭಜನೆಯೇ ಆಯುರ್ವೇದದ ಆಹಾರ ವಿಂಗಡಣೆಯ ಬೆನ್ನೆಲುಬು ಎಂಬುದು ಅವರ ವಾದ. ಬಯಲುಸೀಮೆಯ ರಾಗಿ ಮುದ್ದೆ, ಮಲೆನಾಡಿನ ತಂಬುಳಿ ಎರಡನ್ನೂ ಬಲ್ಲ ಕನ್ನಡಿಗರಿಗೆ ಈ ವಾದ ಬೇಗ ಮನದಟ್ಟಾಗುತ್ತದೆ. ಶಾಸ್ತ್ರದ ವಾದದ ಬಲ ಸಂದರ್ಭಕ್ಕೆ ಕೊಡುವ ಈ ಬೆಲೆಯಲ್ಲಿದೆ. ಅದರ ದೌರ್ಬಲ್ಯವೂ ಅಲ್ಲಿಯೇ ಇದೆ. ಎಂಟು ಅಂಶಗಳು ಬದಲಾಗುತ್ತಿದ್ದರೆ ಯಾವ ಫಲಿತಾಂಶಕ್ಕೂ ಒಂದು ವಿವರಣೆ ಸಿಕ್ಕೇ ಸಿಗುತ್ತದೆ. ಸಿದ್ಧಾಂತ ತಪ್ಪಾದದ್ದು ಗೊತ್ತಾಗುವುದು ಹೇಗೆಂಬುದಕ್ಕೆ ಉತ್ತರ ಸುಲಭವಲ್ಲ.

ಮನೆಯ ವಾದ

ಅಡುಗೆಮನೆಯ ಉಷ್ಣ-ತಂಪು ಆಯುರ್ವೇದದ ಸರಳ ರೂಪ ಎಂದು ಬಹಳ ಜನ ನಂಬಿದ್ದಾರೆ. ಪರಿಶೀಲಿಸಿದರೆ ಹಾಗಿಲ್ಲ. ಮೆಂತ್ಯ ಕನ್ನಡದ ಮನೆಗಳಲ್ಲಿ ತಂಪು. ರಾತ್ರಿ ನೆನೆಹಾಕಿ ಬೆಳಿಗ್ಗೆ ನುಂಗುವುದು, ತಲೆಗೆ ಅರೆದು ಹಚ್ಚುವುದು ಎಲ್ಲ ಮೈ ತಣಿಸಲಿಕ್ಕೆ. ಶಾಸ್ತ್ರದಲ್ಲಿ ಅದು ಉಷ್ಣವೀರ್ಯ. ಮೊಸರು ಮನೆಯಲ್ಲಿ ತಂಪು, ಗ್ರಂಥದಲ್ಲಿ ಉಷ್ಣ. ಇದಲ್ಲದೆ ‘ನಂಜು’ ಎಂಬ ಮನೆಯ ವರ್ಗ ಒಂದಿದೆ. ಗಾಯ, ಹುಣ್ಣು, ಶಸ್ತ್ರಚಿಕಿತ್ಸೆಯಾದಾಗ ಬದನೆಕಾಯಿಯಂಥವನ್ನು ನಂಜೆಂದು ಬಿಡಿಸುತ್ತಾರೆ. ಅದು ಉಷ್ಣವೂ ಅಲ್ಲ, ತಂಪೂ ಅಲ್ಲ. ತ್ರಿದೋಷದ ಲೆಕ್ಕಕ್ಕೂ ನೇರವಾಗಿ ಕೂರುವುದಿಲ್ಲ.

ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1970ರ ದಶಕದಿಂದ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಇದನ್ನು ಅಧ್ಯಯನ ಮಾಡಿದರು. ಜನರ ವರ್ಗೀಕರಣ ಗ್ರಂಥದಿಂದ ಇಳಿದು ಬಂದದ್ದಲ್ಲ, ತಮ್ಮ ಮೈಯನ್ನು ತಾವೇ ಗಮನಿಸಿ ಕಟ್ಟಿಕೊಂಡದ್ದು ಎಂದು ಅವರ ಬರಹಗಳಿಂದ ತಿಳಿಯುತ್ತದೆ. ‘ಮೈಗೆ ಒಗ್ಗುವುದು’ ಎಂಬ ಕನ್ನಡದ ಮಾತಿನಲ್ಲಿಯೇ ಆ ಪ್ರಯೋಗಬುದ್ಧಿ ಇದೆ. ಒಂದು ಮನೆಯಲ್ಲಿ ಅಣ್ಣನಿಗೆ ಒಗ್ಗಿದ ಹಲಸು ತಮ್ಮನಿಗೆ ಒಗ್ಗದಿರಬಹುದು.

ಚೀನಾದ ಬಗ್ಗೆ ಮಾನವಶಾಸ್ತ್ರಜ್ಞ ಇ. ಎನ್. ಆ್ಯಂಡರ್ಸನ್ ಇನ್ನೊಂದು ವಿವರಣೆ ಕೊಟ್ಟರು. ಅಲ್ಲಿ ಉಷ್ಣವೆನಿಸಿಕೊಂಡವು ಹೆಚ್ಚು ಶಕ್ತಿ ಕೊಡುವ, ಎಣ್ಣೆ-ಕೊಬ್ಬಿನ, ಖಾರದ ಪದಾರ್ಥಗಳು. ತಂಪಿನವು ನೀರಿನಂಶದ ಸೊಪ್ಪು-ತರಕಾರಿಗಳು. ಬಿಳಿಚಿಕೊಂಡು ಸೊರಗಿದವರಿಗೆ ಮಾಂಸ, ಒಸಡು-ಚರ್ಮ ಕೆಟ್ಟವರಿಗೆ ಸೊಪ್ಪು ಕೊಟ್ಟರೆ ಪೋಷಣಾ ವಿಜ್ಞಾನದ ಪ್ರಕಾರವೂ ಸರಿಯೇ. ಕರ್ನಾಟಕದ ಪಟ್ಟಿಗೆ ಈ ವಿವರಣೆ ಅರ್ಧ ಹೊಂದುತ್ತದೆ. ಎಳ್ಳು, ಬೆಲ್ಲ, ಕೋಳಿಸಾರು ಉಷ್ಣ. ಸೌತೆ, ಬೂದುಗುಂಬಳ ತಂಪು. ಆದರೆ ನೀರಿನಂಶ ತುಂಬಿದ, ಕೊಬ್ಬಿಲ್ಲದ ಪರಂಗಿ ಹಣ್ಣು ಉಷ್ಣವಾದದ್ದು, ಹೊಟ್ಟೆ ತುಂಬ ಶಕ್ತಿ ಕೊಡುವ ರಾಗಿ ತಂಪಾದದ್ದು ಅದರಿಂದ ವಿವರಿಸಲಾಗದು.

ಋತುವಿನ ಆಚರಣೆಗಳಲ್ಲಿ ಮನೆಯ ವಾದ ತನ್ನ ಅತ್ಯುತ್ತಮ ರೂಪದಲ್ಲಿದೆ. ರಾಮನವಮಿಗೆ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ, ಸಂಕ್ರಾಂತಿಗೆ ಎಳ್ಳುಬೆಲ್ಲ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟಕ್ಕೆ, ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಹಾಲೆ ಮರದ ತೊಗಟೆಯ ಕಷಾಯ, ಅದರ ಉಷ್ಣ ಇಳಿಯಲು ಮೇಲೆ ಮೆಂತ್ಯದ ಗಂಜಿ. ಇಲ್ಲಿಯೂ ಮೆಂತ್ಯ ತಂಪೇ. ಇಂಥ ಆಚರಣೆಯಲ್ಲಿ ದಿನ ಗೊತ್ತು, ಅಳತೆ ಗೊತ್ತು, ವರ್ಷಕ್ಕೊಮ್ಮೆ ಮಾತ್ರ. ಮರದ ಗುರುತು ಬಲ್ಲ ಹಿರಿಯರು ಇಲ್ಲವಾದಲ್ಲಿ ಬೇರೆ ತೊಗಟೆ ತಂದು ವಿಷವಾಗುವ ಭಯವೂ ನಿಜವೇ.

ಪ್ರಯೋಗಾಲಯದ ವಾದ

ಮೂರನೆಯ ಗುಂಪು ಗುಣವನ್ನು ಅಣುವಿನಲ್ಲಿ ಹುಡುಕುತ್ತದೆ. ಇದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಮೈಸೂರಿನ ಸಿಎಫ್‌ಟಿಆರ್‌ಐ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ಕೆ. ಶ್ರೀನಿವಾಸನ್ ಮತ್ತು ಕಲ್ಪನಾ ಪ್ಲಾಟೆಲ್ ಅವರು ಒಗ್ಗರಣೆ ಡಬ್ಬಿಯ ದ್ರವ್ಯಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಜೀರಿಗೆ, ಶುಂಠಿ, ಮೆಂತ್ಯ, ಇಂಗು ಮೊದಲಾದವು ಇಲಿಗಳಲ್ಲಿ ಪಿತ್ತರಸದ ಹರಿವನ್ನೂ ಜೀರ್ಣಕಿಣ್ವಗಳನ್ನೂ ಹೆಚ್ಚಿಸುತ್ತವೆ ಎಂದು ತೋರಿಸಿದರು. ಅವರೆಗೆ ಇಂಗು ಹಾಕುವ ಕೈಗೆ ಇದಕ್ಕಿಂತ ಹತ್ತಿರದ ಪುರಾವೆ ಬೇರಿಲ್ಲ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನೆಲ್ಲೆಡೆ ಉಲ್ಲೇಖವಾಗುತ್ತದೆ. ಅರಿಸಿನದ ಕರ್ಕ್ಯುಮಿನ್ 2 ಗ್ರಾಂ ಒಂದನ್ನೇ ನುಂಗಿದವರ ರಕ್ತದಲ್ಲಿ ಅದು ಹೆಚ್ಚುಕಡಿಮೆ ಕಾಣಲೇ ಇಲ್ಲ. ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಜೊತೆಗೆ ಕೊಟ್ಟಾಗ ಅದು ಮೈಗೆ ಸೇರುವ ಪ್ರಮಾಣ ಶೇ. 2,000ರಷ್ಟು ಏರಿತು. ಸಾಮಿ ಲ್ಯಾಬ್ಸ್‌ನ ಮುಹಮ್ಮದ್ ಮಜೀದ್ ಈ ಲೇಖನದ ಕರ್ತೃಗಳಲ್ಲೊಬ್ಬರು. ಸಾರಿನಪುಡಿಯಲ್ಲಿ ಮೆಣಸೂ ಅರಿಸಿನವೂ ಒಟ್ಟಿಗಿರುವುದಕ್ಕೆ ಇದೇ ಕಾರಣವೆಂದು ಹೇಳುವ ಮೊದಲು ಅಳತೆ ನೋಡಬೇಕು. ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸು, 2 ಗ್ರಾಂ ಸಿಗಬೇಕಾದರೆ ದಿನಕ್ಕೆ ಅರುವತ್ತೇಳು ಗ್ರಾಂ ಅರಿಸಿನ ತಿನ್ನಬೇಕು. 2017ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರು ಕರ್ಕ್ಯುಮಿನ್ ಕುರಿತ ನೂರಾರು ಪ್ರಯೋಗಗಳನ್ನು ಪರಾಮರ್ಶಿಸಿ, ಅದು ಬೇಗ ಒಡೆದುಹೋಗುವ, ಮೈಗೆ ಹತ್ತದ ಅಣು ಎಂದೂ, ಕಟ್ಟುನಿಟ್ಟಿನ ಯಾವ ಚಿಕಿತ್ಸಾ ಪ್ರಯೋಗದಲ್ಲಿಯೂ ಗೆದ್ದಿಲ್ಲವೆಂದೂ ಬರೆದರು.

ಮೆಂತ್ಯದ ಕತೆಯೂ ಅಳತೆಯದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 1990ರ ಅಧ್ಯಯನದಲ್ಲಿ ಮಧುಮೇಹಿಗಳ ಸಕ್ಕರೆ ಚೆನ್ನಾಗಿ ಇಳಿಯಿತು. ಅವರು ತಿಂದದ್ದು ದಿನಕ್ಕೆ 100 ಗ್ರಾಂ ಮೆಂತ್ಯದ ಪುಡಿ. ಬಸವೇಶ್ವರನಗರದ ಮನೆಯಲ್ಲಿ ಬೆಳಿಗ್ಗೆ ನುಂಗುವುದು ಒಂದು ಚಮಚ.

ಚೀನಾದ ದೊಡ್ಡ ವಿಜಯವೂ ಇಂಥದೇ ತೊಡಕನ್ನು ತೋರಿಸುತ್ತದೆ. ನಾಲ್ಕನೆಯ ಶತಮಾನದ ಗೆ ಹಾಂಗ್‌ನ ಗ್ರಂಥದ ಸುಳಿವು ಹಿಡಿದು ತು ಯುಯು ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕಂಡುಹಿಡಿದರು, 2015ರಲ್ಲಿ ನೊಬೆಲ್ ಪಡೆದರು. ಹಾಗೆ ಸಿಕ್ಕಿದ್ದು ಶುದ್ಧ ಔಷಧ. ಉಷ್ಣ-ಶೀತ, ಋತು, ಉಣ್ಣುವವರ ಸ್ವಭಾವ ಇವೆಲ್ಲ ಆ ಮಾತ್ರೆಯಲ್ಲಿ ಉಳಿದಿಲ್ಲ. ಪ್ರಯೋಗಾಲಯ ಗೆದ್ದಾಗಲೆಲ್ಲ ವಸ್ತು ಪಥ್ಯದಿಂದ ಹೊರಗೆ ಹೋಗುತ್ತದೆ.

ಇಡೀ ಧಾನ್ಯವನ್ನೇ ಹಿಡಿದವರು ಸಿರಿಧಾನ್ಯ ಆಂದೋಲನದವರು. ಮೈಸೂರಿನ ಖಾದರ್ ವಲಿ ನವಣೆ, ಸಾಮೆ, ಹಾರಕ, ಊದಲು, ಕೊರಲೆಗಳನ್ನು ಊಟದ ಕೇಂದ್ರಕ್ಕೆ ತರುವ ಮಾತನ್ನು ಊರೂರಲ್ಲಿ ಹೇಳಿದರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವಿಶ್ಲೇಷಣೆಯೊಂದು 65 ಅಧ್ಯಯನಗಳನ್ನು ಕೂಡಿಸಿ, ಕಿರುಧಾನ್ಯ ತಿಂದ ಮಧುಮೇಹಿಗಳ ರಕ್ತದ ಸಕ್ಕರೆ ಶೇ. 12ರಿಂದ 15ರಷ್ಟು ಇಳಿಯುತ್ತದೆ ಎಂದಿತು. ಅಕ್ಕಿಯ ಬದಲು ನವಣೆ ಒಳ್ಳೆಯದೆನ್ನಲು ಇಷ್ಟು ಸಾಕು. ಔಷಧ ಬಿಟ್ಟು ನವಣೆ ತಿನ್ನಲು ಸಾಲದು.

ಬಾಣಂತನ: ಬಾಯಿ ಕಟ್ಟುವುದರ ಬೆಲೆ

ಪಥ್ಯದ ಎರಡೂ ಮುಖಗಳು ಪೂರ್ತಿಯಾಗಿ ಕಾಣುವ ಜಾಗ ಬಾಣಂತಿಯ ಕೋಣೆ. ಕರ್ನಾಟಕದಲ್ಲಿ ಬಾಣಂತಿಗೆ ಬೆಳ್ಳುಳ್ಳಿ, ಒಣಶುಂಠಿ, ಕಾಳುಮೆಣಸಿನ ಸಾರು, ಸಬ್ಬಸಿಗೆ, ಮೆಂತ್ಯ, ಅಂಟಿನುಂಡೆ, ಬಾಣಂತಿ ಲೇಹ. ಚೀನಾದಲ್ಲಿ ‘ತಿಂಗಳು ಕೂರುವ’ ಮೂವತ್ತು ದಿನ ಶುಂಠಿ, ಕೋಳಿ, ಮೊಟ್ಟೆ, ಕಂದುಸಕ್ಕರೆ. ಹೆರಿಗೆಯಲ್ಲಿ ಮೈಯ ಬಿಸಿ ಸೋರಿಹೋಗಿದೆ, ಅದನ್ನು ಮತ್ತೆ ತುಂಬಬೇಕು ಎಂಬ ತರ್ಕ ಎರಡು ಕಡೆಯೂ ಒಂದೇ. ವಿಶ್ರಾಂತಿ, ತಾಯಿಮನೆಯ ಆರೈಕೆ, ತುಪ್ಪ-ಬೆಲ್ಲ-ಮಾಂಸದ ಶಕ್ತಿ ಇವುಗಳ ಬೆಲೆಯನ್ನು ಯಾವ ವೈದ್ಯರೂ ಅಲ್ಲಗಳೆಯುವುದಿಲ್ಲ.

ಬಿಡಿಸುವ ಪಟ್ಟಿ ಬೇರೆ ಮಾತು. ಹಣ್ಣು ಶೀತ, ತರಕಾರಿ ಮಗುವಿಗೆ ಆಗದು, ಬೇಳೆ ವಾಯು, ನೀರು ಹೆಚ್ಚಾದರೆ ಹೊಟ್ಟೆ ಬರುತ್ತದೆ. ಹೀಗೆ ಒಂದೊಂದೇ ಕಳೆದು ಕೆಲವು ಮನೆಗಳಲ್ಲಿ ಕೊನೆಗೆ ಉಳಿಯುವುದು ಪಾಲಿಶ್ ಮಾಡಿದ ಅಕ್ಕಿಯ ಅನ್ನ, ತುಪ್ಪ, ಮೆಣಸಿನ ಸಾರು. ಅಕ್ಕಿಯನ್ನು ಮತ್ತೆ ಮತ್ತೆ ತೊಳೆದು, ಗಂಜಿ ಬಸಿದು ಚೆಲ್ಲಿದರೆ ಥಯಾಮಿನ್ ಎಂಬ ಬಿ1 ಜೀವಸತ್ವ ಅದರೊಂದಿಗೆ ಹೋಗುತ್ತದೆ. ತಾಯಿಯ ಹಾಲಿನಲ್ಲಿ ಅದು ಕಡಿಮೆಯಾದರೆ, ಹಾಲನ್ನೇ ನಂಬಿದ ಶಿಶುವಿನ ಹೃದಯಕ್ಕೆ ಪೆಟ್ಟು ಬೀಳುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಉಷಾ ಶಾಸ್ತ್ರಿ ಮತ್ತು ಸಹೋದ್ಯೋಗಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಬರಿ ಎದೆಹಾಲು ಕುಡಿಯುವ ಶಿಶುಗಳು ಶ್ವಾಸಕೋಶದ ತೀವ್ರ ರಕ್ತದೊತ್ತಡದಿಂದ ಉಸಿರಾಟಕ್ಕೆ ಒದ್ದಾಡುತ್ತ ಬಂದಿದ್ದವು. ತಾಯಂದಿರು ಬಾಣಂತನದ ಕಟ್ಟುಪಥ್ಯದಲ್ಲಿ ಪಾಲಿಶ್ ಅಕ್ಕಿಯ ಅನ್ನವನ್ನು ನೆಚ್ಚಿದ್ದರು. ಥಯಾಮಿನ್ ಚುಚ್ಚುಮದ್ದು ಕೊಟ್ಟಾಗ ಶಿಶುಗಳು ಬಹುಬೇಗ ಚೇತರಿಸಿಕೊಂಡವು. ಎಷ್ಟು ಅಗ್ಗದ ಮದ್ದು, ಎಷ್ಟು ಸುಲಭವಾಗಿ ತಪ್ಪಿಸಬಹುದಾದ ಸಾವು!

ಈ ಪಥ್ಯ ಶಾಸ್ತ್ರದ್ದಲ್ಲ. ಆಯುರ್ವೇದ ಸೂತಿಕೆಗೆ, ಅಂದರೆ ಬಾಣಂತಿಗೆ, ಬಲವರ್ಧಕ ಆಹಾರವನ್ನೇ ಹೇಳುತ್ತದೆ. ತೌಡು ಉಳಿದ ಕೊಟ್ಟಣದ ಅಕ್ಕಿಯನ್ನೂ ರಾಗಿಯನ್ನೂ ತಿನ್ನುತ್ತಿದ್ದ ಕಾಲದಲ್ಲಿ ಇದೇ ರೂಢಿ ಇಷ್ಟು ಅಪಾಯಕಾರಿ ಆಗಿರಲಾರದು. ಗಿರಣಿಯ ಬಿಳಿ ಅಕ್ಕಿ ಬಂದ ಮೇಲೆ ನಿಯಮ ಹಾಗೆಯೇ ಉಳಿದು ಧಾನ್ಯ ಬದಲಾಯಿತು.

ಗರ್ಭಿಣಿಯರ ಪಥ್ಯದಲ್ಲಿಯೂ ಇದೇ ಎಳೆ ಇದೆ. ಮಿಮಿ ಮತ್ತು ಮಾರ್ಕ್ ನಿಕ್ಟರ್ 1983ರ ಬರಹದಲ್ಲಿ, ಹೆಚ್ಚು ಉಂಡರೆ ಹೊಟ್ಟೆಯಲ್ಲಿ ಮಗುವಿಗೆ ಜಾಗ ಸಾಲದು ಎಂದು ಕಡಿಮೆ ಉಣ್ಣುವ ಗರ್ಭಿಣಿಯರನ್ನು ದಾಖಲಿಸಿದರು. ಪರಂಗಿಯ ನಿಷೇಧ ಇನ್ನೂ ಸೂಕ್ಷ್ಮ. ಸಿಂಗಪುರದಿಂದ 2002ರಲ್ಲಿ ಬಂದ ಪ್ರಯೋಗದಲ್ಲಿ ಕಾಯಿಯ ಹಾಲು ಇಲಿಯ ಗರ್ಭಕೋಶವನ್ನು ಸಂಕುಚಿಸಿತು, ಮಾಗಿದ ಹಣ್ಣು ಏನೂ ಮಾಡಲಿಲ್ಲ. ಅಜ್ಜಿಯ ಭಯಕ್ಕೆ ಆಧಾರ ಇತ್ತು, ಆದರೆ ಅದು ಕಾಯಿಗೆ ಮಾತ್ರ ಸಲ್ಲಬೇಕಾದದ್ದು. ಹಣ್ಣಿಗೂ ವಿಸ್ತರಿಸಿದ್ದರಿಂದ ಬಡ ಗರ್ಭಿಣಿಗೆ ಜೀವಸತ್ವದ ಅಗ್ಗದ ಮೂಲವೊಂದು ತಪ್ಪಿತು.

ಬಳ್ಳಿಯಿಂದ ಮಾತ್ರೆಗೆ

ಸೇರಿಸುವ ಮುಖಕ್ಕೂ ಅಪಾಯವಿದೆ, ಮುಖ್ಯವಾಗಿ ಅಡುಗೆಮನೆಯ ಅಳತೆ ದಾಟಿದಾಗ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲೆಂದು ಚೀನೀ ಮೂಲಿಕೆಯ ಗುಳಿಗೆ ನುಂಗಿದ ನೂರಕ್ಕೂ ಹೆಚ್ಚು ಹೆಂಗಸರ ಮೂತ್ರಪಿಂಡ ಕೆಟ್ಟಿತು. ಒಂದು ಮೂಲಿಕೆಯ ಜಾಗದಲ್ಲಿ ವಿಷದ ಮೂಲಿಕೆ ಸೇರಿಹೋಗಿತ್ತು.

ಬೆಂಗಳೂರಿಗೆ ಇಂಥ ಅಪಾಯ ಹತ್ತಿರವಾದದ್ದು ಕೊರೋನಾ ಕಾಲದಲ್ಲಿ. 2020ರ ಮಾರ್ಚ್ ಕೊನೆಗೆ ಆಯುಷ್ ಸಚಿವಾಲಯ ತುಳಸಿ, ಚಕ್ಕೆ, ಶುಂಠಿ, ಮೆಣಸಿನ ಕಷಾಯ ಮತ್ತು ಅರಿಸಿನ ಹಾಲನ್ನು ಸೂಚಿಸಿತು. ಅದರೊಂದಿಗೆ ಅಮೃತಬಳ್ಳಿಯೂ ಕಾಂಪೌಂಡಿನಿಂದ ಲೋಟಕ್ಕೆ ಬಂತು, ದಿನವೂ, ತಿಂಗಳುಗಟ್ಟಲೆ. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಜನರ ಯಕೃತ್ತಿನ ಹಾನಿಯನ್ನು ವರದಿ ಮಾಡಿದರು. ಮರುವರ್ಷ 13 ಆಸ್ಪತ್ರೆಗಳ 43 ರೋಗಿಗಳ ವರದಿ ಬಂತು. ಅದೇ ಕುಲದ ಬೇರೆ ಬಳ್ಳಿಯನ್ನು ಅಮೃತಬಳ್ಳಿ ಎಂದು ತಿಳಿದಿರಬಹುದು ಎಂದು ಸಚಿವಾಲಯ ಆಕ್ಷೇಪಿಸಿತು. ಅರಿಸಿನದ ಮಾತ್ರೆಗಳಿಂದ ಯಕೃತ್ತು ಕೆಟ್ಟ ಹತ್ತು ಪ್ರಕರಣಗಳನ್ನು ಅಮೆರಿಕದ ವೈದ್ಯರು 2022ರಲ್ಲಿ ದಾಖಲಿಸಿದರು. ಆ ಹತ್ತು ರೋಗಿಗಳ ಪೈಕಿ ಏಳು ಜನರಲ್ಲಿ ಒಂದೇ ವಂಶವಾಹಿ ಗುರುತಿತ್ತು. ಕೆಲವು ಮಾತ್ರೆಗಳಲ್ಲಿ ಮೆಣಸಿನ ಪೈಪರಿನ್ನೂ ಇತ್ತು. ಮೈಗೆ ಹೆಚ್ಚು ಹತ್ತಿಸುವ ಉಪಾಯ ಹಾನಿಯನ್ನೂ ಹೆಚ್ಚು ಹತ್ತಿಸಬಲ್ಲದೆ ಎಂಬ ಅನುಮಾನ ಸಹಜ.

ಕಾನೂನು ಈಗ ಆಹಾರ, ಔಷಧಗಳೆರಡರ ನಡುವೆ ಮೂರನೆಯ ಕೋಣೆಯೊಂದನ್ನು ಕಟ್ಟಿದೆ. 2022ರ ‘ಆಯುರ್ವೇದ ಆಹಾರ’ ನಿಯಮಾವಳಿ ಪ್ರಾಚೀನ ಗ್ರಂಥಗಳ ಪಾಕಗಳನ್ನು ಔಷಧವಾಗಿ ಅಲ್ಲದೆ ಆಹಾರವಾಗಿ ಮಾರಲು ಅವಕಾಶ ಕೊಡುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಅವನ್ನು ಮಾರುವಂತಿಲ್ಲ. ಚೀನಾದ ಪಟ್ಟಿ ವಸ್ತುಗಳನ್ನು ಹೆಸರಿಸುತ್ತದೆ, ಭಾರತದ ನಿಯಮ ಗ್ರಂಥಗಳನ್ನು. ಹೀಗಾಗಿ ಗ್ರಂಥಕ್ಕೆ ಬಾರದ ಮದ್ದುಸೊಪ್ಪಿನ ಪಾಯಸ, ತಂಬುಳಿಗಳಂಥ ಸೀಮೆಯ ಊಟಗಳು ಆ ಕೋಣೆಯ ಹೊರಗೇ ನಿಂತಿವೆ.

ತೀರ್ಮಾನವಾಗದೆ ಉಳಿದವು

ಮೊದಲನೆಯದು, ಉಷ್ಣ-ತಂಪು ಎಂಬ ಅನುಭವಕ್ಕೆ ಮೈಯಲ್ಲಿ ಅಳೆಯಬಹುದಾದ ಗುರುತು ಇದೆಯೆ? ‘ಹೀಟಾಗಿದೆ’ ಎಂದವರ ಕಣ್ಣುರಿ, ಉರಿಮೂತ್ರ, ಬಾಯಿಹುಣ್ಣುಗಳು ನಿಜ. ಅವುಗಳ ಹಿಂದೆ ಒಂದೇ ಕಾರಣವೋ ಹತ್ತು ಕಾರಣಗಳಿಗೆ ಒಂದೇ ಹೆಸರೋ ಎಂಬುದು ಇತ್ಯರ್ಥವಾಗಿಲ್ಲ.

ಎರಡನೆಯದು ಪರೀಕ್ಷೆಯ ವಿಧಾನ. ಒಬ್ಬೊಬ್ಬರಿಗೆ ಒಂದೊಂದು ಪಥ್ಯ ಎನ್ನುವ ಪದ್ಧತಿಯನ್ನು ಎಲ್ಲರಿಗೂ ಒಂದೇ ಗುಳಿಗೆ ಕೊಟ್ಟು ನೋಡುವ ಪ್ರಯೋಗದಿಂದ ಅಳೆಯಬಹುದೆ? ಅಳೆಯಲಾಗದು ಎಂದರೆ ಆ ಪದ್ಧತಿಯ ತಪ್ಪುಗಳನ್ನು ಹಿಡಿಯುವುದು ಹೇಗೆ? ಶಾಸ್ತ್ರಜ್ಞರೂ ಪ್ರಯೋಗಾಲಯದವರೂ ಇಲ್ಲಿ ಇನ್ನೂ ಒಂದೇ ಭಾಷೆ ಆಡುತ್ತಿಲ್ಲ.

ಮೂರನೆಯದು ಅಳತೆ. ಚಿಟಿಕೆ ಅರಿಸಿನ, ಚಮಚ ಮೆಂತ್ಯ, ವರ್ಷಕ್ಕೊಂದು ಲೋಟ ಹಾಲೆ ಕಷಾಯ ಇವು ದಶಕಗಟ್ಟಲೆ ಸೇರಿ ಆರೋಗ್ಯಕ್ಕೆ ಏನು ಮಾಡುತ್ತವೆ ಎಂಬುದಕ್ಕೆ ಹತ್ತು ದಿನದ, ಮೂರು ತಿಂಗಳ ಅಧ್ಯಯನಗಳಲ್ಲಿ ಉತ್ತರವಿಲ್ಲ.

ಕೊನೆಯದು, ಹೆಚ್ಚು ತುರ್ತಿನದು, ಬಿಡಿಸುವ ಪಟ್ಟಿಯದು. ಯಾವ ಮನೆಯಲ್ಲಿ ಬಾಣಂತಿಗೆ ಏನೇನನ್ನು ಎಷ್ಟು ದಿನ ಬಿಡಿಸುತ್ತಾರೆ, ಅದರಲ್ಲಿ ಯಾವುದಕ್ಕೆ ಆಧಾರವಿದೆ, ಯಾವುದು ಗಿರಣಿ ಅಕ್ಕಿಯ ಕಾಲಕ್ಕೆ ಸಲ್ಲದು ಎಂಬುದನ್ನು ಜಿಲ್ಲೆ ಜಿಲ್ಲೆಯಲ್ಲಿ, ಜಾತಿ ಜಾತಿಯಲ್ಲಿ ಕೇಳಿ ಬರೆದುಕೊಳ್ಳುವ ಕೆಲಸ ಇನ್ನೂ ಉಳಿದಿದೆ. ಬಾಣಂತಿಗೆ ಬಡಿಸುವ ತಾಯಿ, ಅತ್ತೆಯರೊಂದಿಗೆ ಆ ಮಾತನ್ನು ಯಾರು ಆಡಬೇಕು, ಆಶಾ ಕಾರ್ಯಕರ್ತೆಯೋ, ಹೆರಿಗೆ ಆಸ್ಪತ್ರೆಯ ವೈದ್ಯರೋ, ಆಯುರ್ವೇದ ಪಂಡಿತರೋ ಎಂಬುದೂ ಗೊತ್ತಾಗಿಲ್ಲ.